ಮಸ್ತಾನ್ ಸಾಬರ ಸಿಪಾಯಿ, ನನ್ನ ಸಹಿ

ವಾಡಿಯ ವರ್ಕ್‌ಶಾಪಿನಲ್ಲಿ ನಾನು ಎಂಜಿನಿಯರು, ಮಸ್ತಾನ್ ಸಾಬ್ ಫಿಟ್ಟರು. ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ನನ್ನ ರೂಮಿನಲ್ಲಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಆಡುತ್ತಿದ್ದೆವು. ಕಥೆ ನಡೆಸುವವನು, ನಿಯಮ ಹೇಳುವವನು ನಾನೇ. ಸಾಬರದು ಸಿಪಾಯಿಯ ಪಾತ್ರ.

ಆವತ್ತು ಕಥೆಯ ಗುಹೆಯಲ್ಲಿ ಪಂಜು ಆರಿಹೋಯಿತು.

"ನನ್ನ ಸಿಪಾಯಿ ಮಂತ್ರ ಹಾಕಿ ಬೆಳಕ ಮಾಡ್ತಾನ್ರಿ" ಅಂದರು ಸಾಬರು.

ನಾನು ಎಲ್ಲರೆದುರು ನಕ್ಕುಬಿಟ್ಟೆ. "ಮಂತ್ರಕ್ಕ ವಿದ್ಯಾ ಬೇಕ್ರಿ ಸಾಬ್ರ. ಸಿಪಾಯಿ ಕಡಿಂದ ಆಗಂಗಿಲ್ಲ."

ಅವರು ನಿಯಮದ ಪುಸ್ತಕ ತೆರೆದರು. ನನ್ನಿಂದ ಒಯ್ದಿದ್ದ ಜೆರಾಕ್ಸ್ ಪ್ರತಿಗೆ ಹಳೆ ಪೇಪರಿನ ಹೊದಿಕೆ ಹಾಕಿಟ್ಟಿದ್ದರು. ಮಾಂತ್ರಿಕನಲ್ಲದವನೂ ತಾನು ಕಲಿಯಬೇಕಿದ್ದ ಒಂದು ಹೊಸ ಕತ್ತಿವರಸೆಯನ್ನು ಬಿಟ್ಟುಕೊಟ್ಟರೆ, ಅದರ ಬದಲಿಗೆ ದಿನಕ್ಕೊಮ್ಮೆ ಹಾಕುವ ಸಣ್ಣ ಮಂತ್ರವೊಂದನ್ನು ಕಲಿಯಬಹುದು ಅಂತ ಅದರಲ್ಲಿತ್ತು.

"ಹೋದ ವಾರ ಬರದು ತೋರ್ಸೀನಲ್ರಿ ಸಾಹೇಬ್ರ" ಎಂದು ಸಿಪಾಯಿಗೆ ಏನೇನು ಬರುತ್ತದೆಂದು ಬರೆದಿಟ್ಟ ತಮ್ಮ ಪಾತ್ರದ ಹಾಳೆ ಮುಂದಿಟ್ಟರು. ಮಂತ್ರದ ಹೆಸರಿತ್ತು, ಕೆಳಗೆ ನನ್ನ ಸಹಿಯೂ ಇತ್ತು. ವರ್ಕ್‌ಶಾಪಿನಲ್ಲಿ ಸಾಬರು ತರುವ ಸಾಮಾನಿನ ಚೀಟಿಗಳಿಗೆ ಹಾಕುವಂತೆಯೇ ಓದದೆ ಹಾಕಿದ್ದೆ. ನಾಚಿಕೆಯಿಂದಲೇ, ಗುಹೆಯಲ್ಲಿ ಬೆಳಕಾಯಿತು ಎಂದೆ.

ಸೋಮವಾರ ಅವರು ತಂದ ಚೀಟಿಯನ್ನು ಮೊದಲ ಸಲ ಪೂರ್ತಿ ಓದತೊಡಗಿದೆ. ಸಾಬರು ಹೇಳಿದರು: "ಇದ್ರಾಗ ಮಂತ್ರ ಏನಿಲ್ರಿ ಸಾಹೇಬ್ರ, ಬರೇ ಬೇರಿಂಗ್ ಅವ."