ಸೋಡಕ್ಕನ ಬೋಳು ಬೆರಳು

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೋಡಕ್ಕ ಅಂತ. ರಕ್ತ ಹತ್ತಿದ ಚಾದರಗಳನ್ನು ಸೋಡಾ ನೀರಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಯ ಗೆರೆ ಸವೆದು ಬೋಳಾಗಿತ್ತು. ನೀನು ಕಳ್ಳತನ ಮಾಡಿದರೆ ಪೊಲೀಸರಪ್ಪ ಬಂದರೂ ಹಿಡಿಯೋಕಾಗಲ್ಲ ಅಂತ ಗಂಡ ಬದುಕಿದ್ದಾಗ ನಗುತ್ತಿದ್ದ.

ಗೇಟಿಗೆ ಹಾಜರಿ ಯಂತ್ರ ಬಂದ ಮೇಲೆ ಆ ನಗು ಮುಗಿಯಿತು. ಬೆರಳೊತ್ತಿದರೆ ಕೆಂಪು ದೀಪ. ಎಣ್ಣೆ ಸವರಿ ಒತ್ತಿದರೆ ಒಮ್ಮೊಮ್ಮೆ ಹಸಿರು. ಉಳಿದ ದಿನ ಮೇಸ್ತ್ರಿಯ ಕಾಲು ಹಿಡಿಯಬೇಕು. ಆತ ತನ್ನಪ್ಪನ ಆಸ್ತಿ ಬರೆದುಕೊಡುವವನ ಹಾಗೆ ಮುಖ ಮಾಡಿ ಕೈಯಾರೆ ಹಾಜರಿ ಹಾಕುತ್ತಿದ್ದ. ಹೊಸ ಯಂತ್ರ ಬರುತ್ತೆ, ಮುಟ್ಟೋದೇ ಬೇಡ, ಕ್ಯಾಮೆರಾಕ್ಕೆ ಕೈ ತೋರಿಸಿದರೆ ಸಾಕು ಎಂದು ಒಂದು ದಿನ ಆತನೇ ಹೇಳಿದ. ಅದು ಬಂದ ಮೇಲೆ ಕೈಯಾರೆ ಹಾಕೋದು ಬಂದ್. ಹಾಜರಿ ಬೀಳದಿದ್ದರೆ ಕೆಲಸವಿಲ್ಲ.

ಅಂಥ ಯಂತ್ರ ಎಂಥೆಂಥ ಕೈ ಓದಲೇಬೇಕು ಅನ್ನೋ ನಿಯಮ ಇನ್ನೂ ತಯಾರಾಗುತ್ತಿತ್ತು. ಅದಕ್ಕೆಂದು ಒಂದು ಪ್ರಯೋಗಾಲಯದಲ್ಲಿ ಜನರ ಕೈ ಹಿಡಿದು ಪರೀಕ್ಷೆ ನಡೆದಿತ್ತು. ಕಾರ್ಮಿಕರ ಸಂಘದ ಕಾರ್ಯದರ್ಶಿ ಓಡಾಡಿ, ಜಗಳವಾಡಿ ಸೋಡಕ್ಕನಿಗೊಂದು ಸರದಿ ಕೊಡಿಸಿದ. ಯಂತ್ರ ಸೋತರೂ ಚಿಂತೆಯಿಲ್ಲ, ಸೋತದ್ದು ದಾಖಲಾದರೆ ಇಂಥ ಕೈಯನ್ನೂ ಓದಿಸಿ ಅಂತ ಕಂಪನಿಗಳ ಕಿವಿ ಹಿಂಡಬಹುದು ಎಂಬುದು ಅವನ ಹಂಚಿಕೆ.

ಹೊರಡುವಾಗ ಮಗಳು ಅಮ್ಮನ ಹತ್ತೂ ಬೆರಳಿಗೆ ಎಣ್ಣೆ ತಿಕ್ಕಿದಳು. ಗೇಟಿನಲ್ಲಿ ಕಲಿತ ಬುದ್ಧಿ.

ಪ್ರಯೋಗಾಲಯದಲ್ಲಿ ಕ್ಯಾಮೆರಾದ ಬೆಳಕು ಬಿದ್ದದ್ದೇ ಬೆರಳು ಕನ್ನಡಿಯಂತೆ ಹೊಳೆದವು. ಪರದೆಯ ಮೇಲೆ ಬರೀ ಬಿಳಿ ಮಚ್ಚೆ. ಪರೀಕ್ಷೆ ನಡೆಸುವ ಕನ್ನಡಕದ ಹುಡುಗಿ ಅವಳ ಕೈ ಹಿಡಿದು ನೋಡಿ, ಎಣ್ಣೆ ಹಚ್ಚಿದೀರಾ ಅಂತ ಕೇಳಿದಳು.

"ಒರೆಸ್ಕೋತೀನಿ ತಾಯಿ. ಇನ್ನೊಂದ್ಸಲ ತೆಗಿ."

ಒಬ್ಬರಿಗೆ ಒಂದೇ ಸಲ ಅನ್ನುವುದು ಪರೀಕ್ಷೆಯ ಕಟ್ಟಳೆ. ಹುಡುಗಿ ಒಳಗೆ ಹೋಗಿ ಕೇಳಿಕೊಂಡೂ ಬಂದಳು; ಆಗಲ್ಲವಂತೆ.

"ಹೋಗ್ಲಿ, ಯಂತ್ರಕ್ಕೆ ಓದೋಕಾಗ್ಲಿಲ್ಲ ಅಂತನಾದ್ರೂ ಬರ್ಕೊ."

"ಅದೂ ಆಗಲ್ಲಮ್ಮ. ಎಣ್ಣೆ ಕೈ ಅಂದ್ರೆ ತಪ್ಪು ಕೈಯದು, ಯಂತ್ರದ್ದಲ್ಲ. ನಿಮ್ಮದು ಲೆಕ್ಕಕ್ಕೇ ಬರಲ್ಲ."

ಮಗಳು ಬಸ್ಸಿನಲ್ಲಿ ಅತ್ತಳು. ಕಾರ್ಯದರ್ಶಿ ಅರ್ಜಿ ಮೇಲೆ ಅರ್ಜಿ ಗೀಚಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಿಯಮ ಹೊರಬಿತ್ತು. ಇಂಥ ಕೈ ಒಂದೂ ಇಲ್ಲದ ಪರೀಕ್ಷೆಯಲ್ಲಿ ಯಂತ್ರ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿತ್ತು.

ಅದು ಗೇಟಿಗೆ ಬಂದ ಬೆಳಿಗ್ಗೆ ಅವಳು ಎಣ್ಣೆ ಹಚ್ಚದ ಒಣ ಕೈ ತೋರಿಸಿದಳು. ಕೆಂಪು. ತೊಳೆದು ತೋರಿಸಿದಳು. ಕೆಂಪು. ಹಿಂದೆ ಸಾಲು ಬೆಳೆಯಿತು. ಜೊತೆಗೆ ದುಡಿಯುವವರೇ ಸರ್ಕೋ ಅಕ್ಕ, ನಮ್ಮ ಹಾಜರಿ ತಪ್ಪುತ್ತೆ ಎಂದು ಗೊಣಗಿದರು. ಸರಿದಳು. ಇನ್ನು ನನ್ನ ಕೈಲಿ ಏನೂ ಇಲ್ಲ ಅಂದ ಮೇಸ್ತ್ರಿ. ಸುಳ್ಳಲ್ಲ, ನಿಜವಾಗಿಯೂ ಇರಲಿಲ್ಲ.

ಅವಳು ಚಾದರ ಒಗೆಯುತ್ತಿದ್ದ ತೊಟ್ಟಿಗೆ ಬೇರೊಬ್ಬಳನ್ನು, ಬೆರಳ ಗೆರೆ ಇನ್ನೂ ಗಟ್ಟಿ ಇದ್ದವಳನ್ನು, ನಿಲ್ಲಿಸಿದರು. ಎರಡು ಮೂರು ವರ್ಷ ನಡೆಯುತ್ತೆ ಅವಳ ಗೆರೆ.