ಬ್ರೇಕಿಲ್ಲದ ಮೋಟರು

ಹೋದ ವಾರ ಆ ನೋಟುಬುಕ್ಕು ಕೈಗೆ ಬಂದಾಗ ತೆರೆಯುವ ಮೊದಲೇ ಮೂಗಿಗೆ ಹಿಡಿದೆ. ಕಟಿಂಗ್ ಆಯಿಲ್ ವಾಸನೆ, ಅದರ ಜೊತೆ ಬೀಡಿ ಹೊಗೆ. ಇಷ್ಟು ವರ್ಷ ಟ್ರಂಕಿನಲ್ಲಿ ಬಿದ್ದಿದ್ದರೂ ಎರಡೂ ಹೋಗಿರಲಿಲ್ಲ. ಪುಸ್ತಕ ನನ್ನದು, ಅಕ್ಷರ ನನ್ನದು. ಅದನ್ನು ಹೊಡೆದುಕೊಂಡು ಹೋಗಿದ್ದವರು ನಮ್ಮ ಉಸ್ತಾದರು. ತಂದುಕೊಟ್ಟವಳು ಅವರ ಮಗಳು.

“ಅಪ್ಪಾನ ಟ್ರಂಕ್ ತೆಗಿಯೂ ಮುಂದ ಸಿಕ್ತರಿ. ನಿಮ್ಮ ಹೆಸರೈತಿ,” ಎಂದಳು. ಚಹಾ ಕೂಡ ಕುಡಿಯದೆ ಫಾತೋರ್ಡಾದ ತನ್ನ ಮನೆಗೆ ತಿರುಗಿ ಹೋದಳು. ಉಸ್ತಾದರು ತೀರಿಕೊಂಡು ತಿಂಗಳಾಗಿತ್ತು. ನಾನು ಮಣ್ಣಿಗೆ ಹೋಗಿರಲಿಲ್ಲ. ಹೋಗಬಾರದು ಅಂತಲೇ ಹೋಗಿರಲಿಲ್ಲ.

ಘಟ್ಟದ ಕೆಳಗಿನ ಗಣಿಯೂರು ಉಸಗಾಂವದಲ್ಲಿ ಅದಿರು ಲಾರಿಗಳ ಬಿಡಿಭಾಗ ರಿಪೇರಿ ಮಾಡುವ ವರ್ಕ್‌ಶಾಪಿಗೆ ನಾನು ವಿಜಾಪುರದ ಕಡೆಯಿಂದ ಬಂದು ಸೇರಿದಾಗ, ಹುಬ್ಬಳ್ಳಿಯ ಈ ಮನುಷ್ಯ ಅಲ್ಲಿ ದೊಡ್ಡ ಉಸ್ತಾದ. ನೂಲಿನೆಳೆಯಷ್ಟು ಅಳತೆ ಹಿಡಿಯುವುದನ್ನು ಕಲಿಸಿದವರು ಅವರೇ, ಅದನ್ನು ಅಲ್ಲಗಳೆಯುವುದಿಲ್ಲ. ತಪ್ಪಿದರೆ ಸ್ಪಾನರಿನಿಂದ ಗೆಣ್ಣಿಗೆ ಒಂದು ಕೊಡುತ್ತಿದ್ದರು. ನನಗೆ ಅವರ ಮೇಲೆ ಭಕ್ತಿಯೇ ಇತ್ತು. ಮೂರ್ಖ ನಾನು.

ಆಗ ನನಗೊಂದು ಹುಚ್ಚು ಹತ್ತಿತ್ತು. ಕುಡಚಡೆಯ ಗುಜರಿಯಿಂದ ಒಂದು ಹಳೆಯ ಮಿಲ್ಲಿಂಗ್ ಮಷಿನ್ ತಂದು ಬಾಡಿಗೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೆ. ಕಬ್ಬಿಣ ಕೊರೆಯುವ ಆ ಯಂತ್ರದ ಚಕ್ರಗಳನ್ನು ಕೈಯಿಂದ ತಿರುಗಿಸುವ ಬದಲು ಮೋಟರು ತಿರುಗಿಸಬೇಕು, ಮೋಟರಿಗೆ ಕಂಪ್ಯೂಟರು ಹೇಳಬೇಕು. ಕೈಗಳು ಸುಮ್ಮನೆ ನಿಂತು ನೋಡಬೇಕು. ಮೂರು ಮೋಟರು ಬೇಕಿತ್ತು: ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಕಟರು ಹಿಡಿದ ಹೆಡ್ಡನ್ನು ಏರಿಸಿ ಇಳಿಸುವುದಕ್ಕೊಂದು. ಸರ್ವೋ ಮೋಟರು ತಾನು ಎಲ್ಲಿದ್ದೇನೆಂದು ತಾನೇ ಲೆಕ್ಕ ಒಪ್ಪಿಸುತ್ತದೆ, ಆದರೆ ಮೂರು ಕೊಂಡರೆ ಒಂದು ವರ್ಷದ ಪಗಾರ ಮುಗಿಯುತ್ತಿತ್ತು. ಸ್ಟೆಪ್ಪರ್ ಅಗ್ಗ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ, ಭಾರ ಹೆಚ್ಚಾದರೆ ಹೇಳದೆ ಕೇಳದೆ ಹೆಜ್ಜೆ ತಪ್ಪುತ್ತದೆ. “ಕೂಸಿನ ಸಾಲಿ ಫೀಗೆ ಕೈ ಹಚ್ಚಬ್ಯಾಡ್ರಿ. ಉಳಿದದ್ದರಾಗ ಏನರ ಮಾಡ್ಕೋರಿ,” ಎಂದಳು ಹೆಂಡತಿ. ಮೂರಕ್ಕೂ ಸ್ಟೆಪ್ಪರ್ ಎಂದು ಬರೆದೆ. ಚಿತ್ರ, ಅಳತೆ, ಯಾವುದು ಎಲ್ಲಿ ಸಿಗುತ್ತದೆ, ಎಲ್ಲವೂ ಆ ನೋಟುಬುಕ್ಕಿನಲ್ಲಿತ್ತು.

ಉಸ್ತಾದರಿಗೆ ತೋರಿಸದೆ ಇರುವುದು ಹೇಗೆ? “ಎರಡ ದಿನ ಇರ್ಲಿ ನನ್ನ ಹತ್ರ,” ಎಂದು ಇಸಿದುಕೊಂಡರು. ಹತ್ತು ದಿನಕ್ಕೆ ಮಾಲಕರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನದೇ ಚಿತ್ರಗಳು, ಉಸ್ತಾದರ ಕೈಬರಹದಲ್ಲಿ. ವರ್ಕ್‌ಶಾಪಿನ ದೊಡ್ಡ ಮಷಿನ್ನಿಗೆ ಮೋಟರು ಹಾಕುವ ಯೋಜನೆಯಂತೆ, ಉಸ್ತಾದರ ತಲೆಯಿಂದ ಬಂದದ್ದಂತೆ. ನಾನು ಇಲ್ಲಿನ ಸಾಮಾನು ಮನೆಗೆ ಸಾಗಿಸುತ್ತೇನೆಂದೂ ಅವರೇ ಹೇಳಿದ್ದರು. ಅವತ್ತೇ ನನ್ನ ಕೆಲಸ ಹೋಯಿತು. ನಾನು ಹೊರಗೆ ನಡೆಯುವಾಗ ಉಸ್ತಾದರು ಒಂದು ಬುಶ್ಶಿನ ಅಳತೆ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನನ್ನನ್ನು ಬದುಕಿಸಿದ್ದು ಸಿಟ್ಟು. ಹಗಲು ಸಿಕ್ಕ ಕೂಲಿಗೆ ಹೋಗುವುದು, ಉಳಿದ ಹೊತ್ತೆಲ್ಲ ಶೆಡ್ಡು. ಪುಸ್ತಕ ಹೋದರೇನು, ಎಲ್ಲ ಬಾಯಿಪಾಠವಿತ್ತು. ಟೇಬಲ್ಲನ್ನೂ ಹೆಡ್ಡನ್ನೂ ನಡೆಸುವ ಉದ್ದನೆಯ ಹಳೆಯ ಸ್ಕ್ರೂಗಳನ್ನು ಬಿಚ್ಚಿ, ಒಳಗೆ ಗುಂಡುಗಳಿರುವ ನುಣುಪಾದ ಹೊಸ ಸ್ಕ್ರೂ ಹಾಕಿದೆ. ಮೊದಲ ದಿನ ಎಲ್ಲ ಚಲೋ ನಡೆಯಿತು. ಸ್ವಿಚ್ಚು ಆರಿಸಿದೆ... ಹೆಡ್ಡು ಧೊಪ್ಪನೆ ಕೆಳಗಿಳಿದು ಟೇಬಲ್ಲಿಗೆ ಬಡಿಯಿತು. ಕಟರು ಎರಡು ತುಂಡು.

ಅರ್ಥವಾಗಲು ಒಂದು ದಿನ ಹಿಡಿಯಿತು. ಹಳೆಯ ಸ್ಕ್ರೂ ಒರಟು, ಕರೆಂಟು ಇರಲಿ ಬಿಡಲಿ ಭಾರವನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಹೊಸದು ನುಣುಪು, ಮೋಟರು ಕೈಬಿಟ್ಟರೆ ಜಾರುತ್ತದೆ. ಏರಿಳಿಸುವ ಮೋಟರಿಗೆ ಮಾತ್ರ ಬ್ರೇಕು ಬೇಕೇ ಬೇಕು. ನನ್ನ ಲೂನಾ ಗಾಡಿ ಮಾರಿ ಪುಣೆಯಿಂದ ಬ್ರೇಕಿನ ಮೋಟರು ತರಿಸಿದೆ. ತರಿಸುವಾಗಲೇ ಹೊಳೆಯಿತು: ಉಸ್ತಾದರ ಕೈಯಲ್ಲಿರುವ ಪುಸ್ತಕದಲ್ಲಿ ನುಣುಪು ಸ್ಕ್ರೂ ಇದೆ, ಬ್ರೇಕಿನ ಮಾತು ಇಲ್ಲ. ಅವರ ಮಷಿನ್ನಿನ ಹೆಡ್ಡು ನನ್ನದಕ್ಕಿಂತ ನಾಲ್ಕು ಪಟ್ಟು ಭಾರ.

ಮಳೆಗಾಲ ಶುರುವಾಗುತ್ತಿತ್ತು. ಪಾವ್ ಭಾಜಿ ಅಂಗಡಿಯಲ್ಲಿ ಉಸ್ತಾದರು ಎದುರಾದರು.

“ಏನಪಾ, ಇನ್ನೂ ಆಟಿಗಿ ಸಾಮಾನ ಜೋಡಸಾಕತ್ತೀಯೇನು? ನಮ್ಮದು ನಾಳಿ ಚಾಲೂ ಆಗತೈತಿ. ಬಂದು ನೋಡ್ಕೊಂಡು ಹೋಗು.”

ಒಂದೇ ಮಾತು ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. “ಚಲೋ ಆತ್ರಿ ಉಸ್ತಾದ,” ಎಂದು ಪಾವ್ ಮುರಿದು ಬಾಯಿಗಿಟ್ಟುಕೊಂಡೆ.

ಮರುದಿನ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಮಷಿನ್ ಚಾಲೂ ಮಾಡಿದರಂತೆ. ಉಸ್ತಾದರು ಟೇಬಲ್ಲಿನ ಮೇಲೆ ಕೈಯಿಟ್ಟು ಬೋಲ್ಟು ಬಿಗಿಯುತ್ತಿದ್ದಾಗ ಕರೆಂಟು ಹೋಯಿತು. ಬಲಗೈಯ ಮೂರು ಬೆರಳು. ಸುದ್ದಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು...

ಎರಡು ವಾರದ ಮೇಲೆ ಉಸ್ತಾದರು ನಮ್ಮ ಮನೆಯ ತನಕ ಬಂದಿದ್ದರು. ಕೈಗೆ ಬಟ್ಟೆ ಸುತ್ತಿತ್ತು. ಕೆಲಸ ಕಳೆದುಕೊಂಡು ಬೇಡಲು ಬಂದಿದ್ದಾರೆ, ಇಲ್ಲವೆ ಜಗಳಕ್ಕೆ, ಅಂದುಕೊಂಡೆ. ಕಿಟಕಿಯಿಂದ ನೋಡಿ, ಮನೆಯಲ್ಲಿಲ್ಲ ಎಂದು ಹೆಂಡತಿಯಿಂದ ಹೇಳಿಸಿದೆ. ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಇನ್ನೂ ಸ್ವಲ್ಪ ನಿಲ್ಲಲಿ ಅನ್ನಿಸಿತ್ತು ನನಗೆ. ಮತ್ತೆ ಬರಲಿಲ್ಲ. ಮುಂದೆ ಬಸ್ ಸ್ಟ್ಯಾಂಡಿನ ಬಳಿ ಎಡಗೈಯಿಂದ ಬೀಡಿ ಮಾರುತ್ತ ಕುಳಿತಿರುತ್ತಿದ್ದರು. ನಾನು ರಸ್ತೆಯ ಆ ಬದಿಯಿಂದ ಹೋಗುತ್ತಿದ್ದೆ, ಅವರಿಗೆ ಕಾಣುವ ಹಾಗೆ.

ಹೋದ ವಾರ ನೋಟುಬುಕ್ಕು ತೆರೆದೆ. ಏರಿಳಿಸುವ ಮೋಟರಿನ ಪುಟದಲ್ಲಿ ನನ್ನ ಅಕ್ಷರದ ಪಕ್ಕ, ಈಗತಾನೆ ಬರೆಯಲು ಕಲಿತವರದಂಥ ಸೊಟ್ಟ ಅಕ್ಷರ. ಎಡಗೈಯವು.

“ಕರೆಂಟ್ ಹೋದರ ಇದು ಬೀಳತೈತಿ. ಅವನೂ ಇದನ್ನ ಹಾಕ್ಯಾನ. ಹೋಗಿ ಹೇಳಬೇಕು.”

ಅವತ್ತು ಮಳೆಯಲ್ಲಿ ಅದಕ್ಕೇ ಬಂದಿದ್ದರು.

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕೆಲಸ ತಿಂದವರು, ನನ್ನ ಮೇಲೆ ಕಳ್ಳತನ ಹೊರಿಸಿದವರು ಅವರು. ಆದರೆ ಇಷ್ಟು ವರ್ಷ ಬೆಚ್ಚಗೆ ಇಟ್ಟುಕೊಂಡಿದ್ದ ಸೇಡನ್ನೂ ಈಗ ಕಸಿದುಕೊಂಡು ಹೋದರಲ್ಲ, ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಮಣ್ಣಿಗಾದರೂ ಹೋಗಬೇಕಿತ್ತು...

ನನ್ನ ಮಷಿನ್ ಈಗಲೂ ಓಡುತ್ತದೆ. ನಿನ್ನೆ ಸಂಜೆ ಕರೆಂಟು ಹೋಯಿತು. ಬ್ರೇಕು ಟಕ್ ಎಂದು ಹಿಡಿಯಿತು, ಹೆಡ್ಡು ಇದ್ದಲ್ಲೇ ನಿಂತಿತು. ಇಷ್ಟು ದಿನ ಆ ಸದ್ದು ಕೇಳಿದಾಗಲೆಲ್ಲ ಗೆದ್ದೆ ಅನ್ನಿಸುತ್ತಿತ್ತು. ನಿನ್ನೆ ನನ್ನ ಕೈ ಅದರ ಕೆಳಗೆ ಇರಲೂ ಇಲ್ಲ. ಆದರೂ ಹಿಂದಕ್ಕೆ ಎಳೆದುಕೊಂಡೆ.