ಅಕ್ಕನ ಏಳನೇ ಬಾಟಲಿ

ಕಳೆದ ಭಾನುವಾರ ಬೆಳಿಗ್ಗೆ ನೀವೆಲ್ಲ ಮಾಟುಂಗದ ಹೋಟೆಲುಗಳಲ್ಲಿ ಮಸಾಲೆ ದೋಸೆ ಮುರಿಯುತ್ತಿದ್ದಾಗ ನಿಮ್ಮ ಈ ಅಂಕಣಕಾರ ಎಲ್ಲಿದ್ದ ಗೊತ್ತೆ? ಬಾಂದ್ರಾ ಹತ್ತಿರದ ಒಂದು ಪೊಲೀಸ್ ಚೌಕಿಯಲ್ಲಿ. ಆರೋಪ? ದಾರೂ ಸಾಗಣೆ!

ನಗಬೇಡಿ. ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿದು ಗೊತ್ತಿಲ್ಲದ ಮನುಷ್ಯ ನಾನು. (ಮನೆಯಾಕೆ ಬೇಕಾದರೆ ಸಾಕ್ಷಿ ಹೇಳುತ್ತಾಳೆ.) ಆದರೆ ನನ್ನ ತೊಡೆಯ ಮೇಲೆ ಎಂಟು ಬಾಟಲಿಗಳ ಪೆಟ್ಟಿಗೆ ಇತ್ತು. ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು. ಬಂದದ್ದು ಮಾಹಿಮ್ ಖಾಡಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮರೆಯಿಂದ. ಪಾನನಿರೋಧ ಬಂದ ಮೇಲೆ ಆ ಮರೆಯಲ್ಲಿ ಏನು ಕುದಿಯುತ್ತದೆ ಅಂತ ಮುಂಬಯಿಯಲ್ಲಿ ಯಾರಿಗೆ ಗೊತ್ತಿಲ್ಲ? ಹವಾಲ್ದಾರನ ಜಾಗದಲ್ಲಿ ನಾನಿದ್ದರೂ ನನ್ನನ್ನು ಹಿಡಿಯುತ್ತಿದ್ದೆ.

ಪೆಟ್ಟಿಗೆ ನನ್ನದಲ್ಲ, ಪಕ್ಕದಲ್ಲಿ ಕುಳಿತಿದ್ದ ನನ್ನ ಅಕ್ಕನದು. ಅಕ್ಕ ಯೂನಿವರ್ಸಿಟಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಯಾರಾದರೂ ವಿಚಾರಿಸಿದರೆ ನಾನು "ಪ್ರೊಫೆಸರ್" ಅಂತ ಹೇಳಿ ಬೇಗ ಮಾತು ಬದಲಿಸುತ್ತಿದ್ದೆ. ಯಾಕೆಂದರೆ ಮುಂದಿನ ಪ್ರಶ್ನೆ, "ಯಾವುದರ ಮೇಲೆ ರಿಸರ್ಚು?" ಉತ್ತರ: ಕೆಸರು. ಇದನ್ನು ನಾಲ್ಕು ಜನರ ಮುಂದೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ.

ಹೊಳೆ ಹೋಗಿ ಕಡಲು ಸೇರುವ ಜಾಗಕ್ಕೆ ನಮ್ಮ ಉಡುಪಿ ಕಡೆ ಅಳಿವೆ ಅನ್ನುತ್ತೇವಲ್ಲ, ಈ ಖಾಡಿಯೂ ಅಂಥದೇ. ಅದರ ದಡದಲ್ಲಿ ಚಾಳು, ಕಾರ್ಖಾನೆ, ಗಟಾರ ಹೆಚ್ಚುತ್ತಾ ಹೋದ ಹಾಗೆ ನೀರೊಳಗಿನ ಜೀವಗಳಿಗೆ ಏನಾಗುತ್ತದೆ? ಹದಿನೈದು ವರ್ಷದಿಂದ ಅಕ್ಕನದು ಇದೊಂದೇ ಪ್ರಶ್ನೆ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಪೂರಾ ಇಳಿದಾಗ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿಯುತ್ತಾಳೆ. ಬರಿಗಾಲಲ್ಲಿ ತಡಕಿ, ಚಿಪ್ಪಿನೊಳಗಿನ ಮರುವಾಯಿ ಹುಡುಕಿ ಎಣಿಸುತ್ತಾಳೆ. ಕಾಲಲ್ಲಿ ಹುಡುಕುವುದನ್ನು ಕಲಿಸಿದವಳು ಅಮ್ಮ. (ಅಮ್ಮ ಹುಡುಕುತ್ತಿದ್ದದ್ದು ಸಾರಿಗೆ.) ಯೂನಿವರ್ಸಿಟಿಯ ದೊಡ್ಡ ಸಾಹೇಬರು, "ಬಿಡಮ್ಮಾ ಈ ಕೆಸರು, ಮೀನಿನ ಮೇಲೆ ಬರಿ, ಫಾರಿನ್ನಿಗೆ ಹೋಗು" ಅಂದರು. ಇವಳು ಬಾಂದ್ರಾ ಲೋಕಲ್ ಹತ್ತಿದಳು.

ಭಾನುವಾರ ಅವಳ ಪ್ಯೂನನಿಗೆ ರಜೆ. ಹಾಗಾಗಿ ಪೆಟ್ಟಿಗೆ ಹೊರುವ ಭಾಗ್ಯ ನನ್ನದು.

ಬಾಟಲಿಯ ವಿಷಯ ಸುಲಭ. ಖಾಡಿಯ ಎಂಟು ಕಡೆಯ ನೀರು ತುಂಬಿ, ಎರಡು ಔಷಧಿ ಹನಿಸಿ, ಗಾಳಿಯಾಡದಂತೆ ಮುಚ್ಚುತ್ತಾಳೆ. ನೀರಿನಲ್ಲಿ ಪ್ರಾಣವಾಯು ಇದ್ದರೆ ತಳದಲ್ಲಿ ಕಂದು ಗಸಿ ನಿಲ್ಲುತ್ತದೆ. ಇಲ್ಲದಿದ್ದರೆ ಬಿಳಿ. ಏಳು ಬಾಟಲಿ ಕಂದು. ಒಂದು ಹಾಲಿನಂತೆ ಬಿಳಿ: ಏಳನೆಯದು, ಒಂದು ಕಾರ್ಖಾನೆಯ ಪೈಪಿನ ಬುಡದ್ದು. (ಹೆಸರು ಬೇಡ, ಸಂಪಾದಕರಿಗೆ ಸಂಸಾರವಿದೆ.) ಆ ಪೈಪಿನ ಬಗ್ಗೆ ಮರುದಿನವೇ ಸರ್ಕಾರಿ ಕಮಿಟಿಯ ವಿಚಾರಣೆ. ಅಕ್ಕ ಅಲ್ಲಿ ಈ ಬಾಟಲಿ ಇಡಬೇಕು. ದಾರಿಯಲ್ಲಿ ಯಾರಾದರೂ ಮುಚ್ಚಳ ತೆಗೆದರೋ, ಗಾಳಿ ತಾಗಿ ಬಿಳಿಯೂ ಕಂದಾಗುತ್ತದೆ. ಸತ್ತ ನೀರು ಬದುಕಿದ್ದೇನೆ ಅಂತ ಸುಳ್ಳು ಸಾಕ್ಷಿ ಹೇಳುತ್ತದೆ! ಮತ್ತೆ ಅಂಥ ಇಳಿತಕ್ಕೆ ಹದಿನೈದು ದಿನ ಕಾಯಬೇಕು.

ನಮ್ಮ ಮಾತು ಕಿವಿಗೆ ಬಿದ್ದು ಹವಾಲ್ದಾರ ಮೀಸೆ ಸವರಿದ. "ಕನ್ನಡದಾವ್ರೇನು? ನಮ್ದೂ ಬೆಳಗಾವಿ ಕಡೆ."

ನನಗೆ ಹೋದ ಜೀವ ಬಂತು. ನಮ್ಮವನೇ!

"ಹಂಗಂತ ಬಿಡ್ತೀನಿ ಅಂತ ತಿಳೀಬ್ಯಾಡ್ರಿ. ಬಾಟ್ಲಿ ತಗೀರಿ, ಮೂಸಿ ನೋಡ್ತೀನಿ."

ಅಕ್ಕ ಒಂದು ಕಂದು ಬಾಟಲಿ ಕೊಟ್ಟಳು. ಮೂಸಿದ. ಮುಖ ಕಿವುಚಿದ. "ಥೂ, ಕೆಸರ ನಾತ!"

"ಅದನ್ನೇ ಹೇಳ್ತಾ ಇದ್ದೇನೆ. ಬೇಕಾದರೆ ಎಲ್ಲ ಮೂಸಿ. ಆ ಬಿಳಿಯದೊಂದು ಮಾತ್ರ ಮುಟ್ಟಬೇಡಿ."

ಅಕ್ಕನಿಗೆ ಖಾಡಿಯ ಹುಳಹುಪ್ಪಟೆ ಗೊತ್ತು, ಪೊಲೀಸರು ಗೊತ್ತಿಲ್ಲ. ಮುಟ್ಟಬೇಡಿ ಅಂದದ್ದನ್ನು ಮುಟ್ಟದೆ ಬಿಡುವ ಪೊಲೀಸ್ ಎಲ್ಲಾದರೂ ಇದ್ದಾನೆಯೆ? ಅವನ ಕೈ ನೇರ ಏಳನೇ ಬಾಟಲಿಗೇ ಹೋಯಿತು.

ನಾನು ಪೆಟ್ಟಿಗೆ ಅಪ್ಪಿಕೊಂಡು ಕೂಗಾಡಿದೆ. ಅದರಿಂದ ಅವನ ಸಂಶಯ ಗಟ್ಟಿಯಾಯಿತು, ಅಷ್ಟೇ. ಬಾಟಲಿ ಕಿತ್ತುಕೊಂಡು ಮುಚ್ಚಳಕ್ಕೆ ಹೆಬ್ಬೆರಳು ಒತ್ತಿದ.

"ಬಾಯಿ ಮುಚ್ಚು ಮಾರಾಯ" ಅಂತ ಅಕ್ಕ ನನ್ನನ್ನು ಗದರಿಸಿ, ಚೀಲದಿಂದ ದಪ್ಪ ನೋಟ್‌ಬುಕ್ ತೆಗೆದು ಅವನ ಮುಂದಿಟ್ಟಳು. ಮೇಲೊಂದು ಪೆನ್ನು.

"ತೆಗೀರಿ. ಆದರೆ ಬರೆದು ತೆಗೀರಿ. ಹದಿನೈದು ವರ್ಷದ ಒಂದೊಂದು ಬಾಟಲಿಗೂ ಇದರಲ್ಲಿ ಬರೆದುಂಟು. ಯಾವ ದಿನ, ಎಷ್ಟು ಗಂಟೆ, ಯಾರ ಕೈ. ನೀವೂ ಬರೀರಿ: ಏಳನೇ ಬಾಟಲಿ, ಇಷ್ಟು ಗಂಟೆಗೆ, ನನ್ನ ಕೈಯಾರೆ ತೆಗೆದೆ. ಕೆಳಗೆ ಸಹಿ ಹಾಕಿ. ನಾಳೆ ಕಮಿಟಿಯವರು ಓದ್ತಾರೆ."

ಹವಾಲ್ದಾರ ಪೆನ್ನು ನೋಡಿದ. ಬಾಟಲಿ ನೋಡಿದ. ಮತ್ತೆ ಪೆನ್ನು ನೋಡಿದ. ಕೊನೆಗೆ ಹೆಬ್ಬೆರಳು ಮುಚ್ಚಳ ಬಿಟ್ಟಿತು. ಲಾಠಿ ಬೀಸುವವರಿದ್ದಾರೆ, ಕೇಸು ಜಡಿಯುವವರಿದ್ದಾರೆ. ತಾನು ಮಾಡಿದ್ದನ್ನು ತಾನೇ ಬರೆದು ಸಹಿ ಹಾಕುವವರು ಎಷ್ಟು ಜನ? ಅಕ್ಕ ಹದಿನೈದು ವರ್ಷ ಅದನ್ನೇ ಮಾಡಿದ್ದಾಳೆ.

ಅವನು ನೋಟ್‌ಬುಕ್ಕಿನ ಹಾಳೆ ತಿರುವಿದ. ಮೊದಲ ಪುಟಗಳಲ್ಲಿ ಮರುವಾಯಿಯ ಲೆಕ್ಕ ಅಂಚಿನವರೆಗೆ ತುಂಬಿತ್ತು. ಈಚಿನ ಪುಟಗಳಲ್ಲಿ ಬೆರಳಿಟ್ಟ. "ಇಲ್ಲೆಲ್ಲಾ ಸೊನ್ನಿ ಯಾಕ್ರೀ?"

"ಅದು ಆ ಕಾರ್ಖಾನೆ ಪೈಪಿನ ಬುಡದ ಲೆಕ್ಕ. ಅಲ್ಲಿ ಈಗ ಏನೂ ಬದುಕಿಲ್ಲ."

ಅವನು ನೋಟ್‌ಬುಕ್ ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, "ಇವ್ರು ನಿಮಗೇನಾಗ್ಬೇಕು?" ಅಂದ.

"ನಮ್ಮಕ್ಕ! ಕೆಸರಿನ ಮೇಲೆ ರಿಸರ್ಚ್ ಮಾಡ್ತಾಳೆ!" ಚೌಕಿಯೆಲ್ಲ ಕೇಳುವ ಹಾಗೆ ಹೇಳಿದೆ.

ಬಾಟಲಿಯನ್ನು ಅವನೇ ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯಲ್ಲಿಟ್ಟ.

ಸೋಮವಾರ ಆಫೀಸಿಗೆ ರಜೆ ಹಾಕಿ ವಿಚಾರಣೆಗೆ ನಾನೂ ಹೋದೆ. ಕಾರ್ಖಾನೆಯ ಕಡೆಯವರು, ಖಾಡಿ ಮೊದಲಿನಿಂದಲೂ ಹೀಗೇ ಇದೆ ಅಂದರು. ಅಕ್ಕ ಒಂದು ಕಂದು, ಒಂದು ಬಿಳಿ ಬಾಟಲಿ ಮೇಜಿನ ಮೇಲಿಟ್ಟು ನೋಟ್‌ಬುಕ್ಕಿನ ಮೊದಲ ಪುಟ ತೆರೆದಳು. ಅಧ್ಯಕ್ಷರು ಎದ್ದು ಬಂದು, ನಿಂತೇ ಓದಿದರು. ಪುಸ್ತಕವನ್ನು ದಾಖಲೆಗೆ ಸೇರಿಸಿಕೊಂಡರು. ನನ್ನ ಅಕ್ಕನ ಕೆಸರು ಈಗ ಸರ್ಕಾರಿ ದಾಖಲೆ, ಸ್ವಾಮಿ!

ಪೈಪಿನ ಬಗ್ಗೆ ತೀರ್ಮಾನ ಮಾತ್ರ ಇನ್ನೂ ಬಂದಿಲ್ಲ. ಅದು ದಿನವೂ ಸುರಿಯುತ್ತಲೇ ಇದೆ. ಹಾಗಾಗಿ ನನ್ನದೊಂದು ಸಣ್ಣ ಪ್ರಶ್ನೆ.

ಖಾಡಿಯ ನೀರನ್ನು ಬಾಟಲಿಗೆ ತುಂಬಿದವರನ್ನು ಚೌಕಿಗೆ ಕರೆದದ್ದಾಯಿತು. ಖಾಡಿಗೆ ವಿಷ ಸುರಿದವರನ್ನು ಕರೆಯುವುದು ಯಾವ ಭಾನುವಾರ?